ಬಳಿಯುವ ಮುನ್ನ ಕೆರೆಯುವುದು

(ಮಿನಿಯಾಪೊಲಿಸ್‌ನಲ್ಲಿ ನಡೆದ ಕನ್ನಡ ಓದುಬಳಗದ ಬೇಸಿಗೆ ಕೂಟದಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಕುಟುಂಬ ಮತ್ತು ಪ್ರಜಾಪ್ರಭುತ್ವದ ಬಗೆಗಿನ ಈ ಮಾತುಕತೆಯಲ್ಲಿ ನನಗೆ ಕೊಟ್ಟಿರುವ ಅರ್ಧ ಗಂಟೆಯನ್ನು ಮನೆಗೆ ಬಣ್ಣ ಬಳಿಯುವ ವಿಚಾರಕ್ಕೆ ಬಳಸಿಕೊಳ್ಳುತ್ತೇನೆ ಎಂದಾಗ ಸಂಘಟಕರು ಸೌಜನ್ಯದಿಂದ ನಕ್ಕರು. ಆ ನಗುವಿಗೆ ಕಾರಣವಿದೆ. ಸಂವಿಧಾನ, ಮೀಸಲಾತಿ, ವಲಸೆ ಕಾನೂನು, ಭಾಷಾ ನೀತಿ ಇವು ನಮ್ಮ ಕೂಟಗಳ ರೂಢಿಯ ವಿಷಯಗಳು. ಬಣ್ಣದ ಡಬ್ಬಿ, ಕುಂಚ, ಏಣಿ ಇವೆಲ್ಲ ಶನಿವಾರದ ಹವ್ಯಾಸದ ಸಾಮಾನುಗಳು. ಆದರೆ ಕಳೆದ ಎರಡು ಬೇಸಿಗೆಗಳಲ್ಲಿ ನಾವು ಐದು ಜನ ಸೇರಿ ಈ ನಗರದ ಒಂದು ಹಳೆಯ ಮನೆಗೆ ಬಣ್ಣ ಬಳಿದೆವು. ನನ್ನ ಸಂಗಾತಿ, 14 ವರ್ಷದ ಮಗಳು, 10 ವರ್ಷದ ಮಗ, ತುಮಕೂರು ಜಿಲ್ಲೆಯ ಹಳ್ಳಿಯೊಂದರಿಂದ ಬೇಸಿಗೆ ಕಳೆಯಲು ಬಂದಿದ್ದ ನನ್ನ ಅಮ್ಮ, ಮತ್ತು ನಾನು. ಆ ಕೆಲಸ ನಡೆಯುವಾಗ ನಮ್ಮ ನಡುವೆ ಬಂದ ಮಾತುಗಳು ನಮ್ಮ ಯಾವ ಗೋಷ್ಠಿಯಲ್ಲೂ ಅಷ್ಟು ನೇರವಾಗಿ ಬಂದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಈ ಆಯ್ಕೆ.

ಮೊದಲು ಕೆಲಸದ ಬಗ್ಗೆಯೇ ಸ್ವಲ್ಪ ಹೇಳುತ್ತೇನೆ. ಒಂದು ಕೋಣೆಗೆ ಎರಡು ಲೇಪ ಬಣ್ಣ ಹಚ್ಚಲು ಒಂದು ದಿನ ಸಾಕು. ಅದಕ್ಕೂ ಮುಂಚೆ ಗೋಡೆಯನ್ನು ತೊಳೆಯಬೇಕು, ಸಡಿಲವಾದದ್ದನ್ನು ಕೆರೆಯಬೇಕು, ಬಿರುಕುಗಳಿಗೆ ಗಾರೆ ತುಂಬಿ ಒಣಗಲು ಬಿಡಬೇಕು, ಮತ್ತೆ ತಿಕ್ಕಿ ನಯ ಮಾಡಬೇಕು, ಅಂಚುಗಳಿಗೆ ಟೇಪು ಅಂಟಿಸಬೇಕು, ಆಮೇಲೆ ಪ್ರೈಮರ್ ಹಚ್ಚಬೇಕು. ಇದಕ್ಕೆ ಮೂರು ನಾಲ್ಕು ದಿನ ಬೇಕು. ನೋಡಲು ಬಂದವರು ಹೊಗಳುವುದು ಕೊನೆಯ ದಿನದ ಕೆಲಸವನ್ನು. ತೇವದ ಕಲೆಯಿರುವ ಗೋಡೆಯ ಮೇಲೆ ನೇರವಾಗಿ ಹೊಸ ಬಣ್ಣ ಹಚ್ಚಿದರೆ ಒಂದು ಚಳಿಗಾಲ ಕಳೆಯುವುದರೊಳಗೆ ಅದೇ ಕಲೆ ಅದೇ ಜಾಗದಲ್ಲಿ ಹಳದಿಯಾಗಿ ಮೂಡುತ್ತದೆ. ಮನೆ ಮಾರುವ ಆತುರದಲ್ಲಿ ಹೀಗೆ ಬಳಿಯುವವರು ಬಹಳ ಜನ. ನಮಗೆ ಮಾರಿದವರೂ ಹಾಗೆಯೇ ಬಳಿದಿದ್ದರು.

ಮನೆ 1926ರದು. ಅಮೆರಿಕದಲ್ಲಿ 1978ಕ್ಕಿಂತ ಹಿಂದೆ ಕಟ್ಟಿದ ಮನೆಯನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆಯ ಕಿರುಹೊತ್ತಿಗೆಯನ್ನು ಕೊಡಲೇಬೇಕೆಂದು ಕಾನೂನಿದೆ. ನಿಮ್ಮಲ್ಲಿ ಅನೇಕರು ಸಹಿ ಹಾಕಿ ಅದನ್ನು ಕಡತದೊಳಗೆ ಸೇರಿಸಿರುತ್ತೀರಿ. ಅದು ಸೀಸದ ಬಗ್ಗೆ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಈ ದೇಶ ನಿಷೇಧಿಸಿದ್ದು 1978ರಲ್ಲಿ. ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನ ಪ್ರಕಾರ 1940ಕ್ಕಿಂತ ಹಿಂದಿನ ಮನೆಗಳಲ್ಲಿ ಶೇಕಡಾ 87ರಲ್ಲಿ ಎಲ್ಲಿಯಾದರೂ ಒಂದು ಕಡೆ ಸೀಸದ ಬಣ್ಣ ಇದ್ದೇ ಇರುತ್ತದೆ. ನಾವು ಪರೀಕ್ಷಕರನ್ನು ಕರೆಸಿದೆವು. ಅವರು ಗೋಡೆಗೆ ಒಂದು ಯಂತ್ರವನ್ನು ಒತ್ತಿ ಹಿಡಿದರೆ ಅದು ಕ್ಷಕಿರಣಗಳನ್ನು ಬಿಟ್ಟು, ಎಷ್ಟು ಪದರಗಳ ಕೆಳಗಿದ್ದರೂ ಸೀಸವನ್ನು ಗುರುತಿಸಿ ಅಂಕಿ ತೋರಿಸುತ್ತದೆ. ಗೋಡೆಗಳು ಪಾರಾದವು. ಬಾಗಿಲ ಚೌಕಟ್ಟುಗಳಲ್ಲಿ ಇತ್ತು, ಮರದ ಕಿಟಕಿಗಳಲ್ಲಿ ಬಹಳ ಇತ್ತು. ಕಿಟಕಿಯೇ ಹೆಚ್ಚು ಅಪಾಯದ ಜಾಗ ಎಂದು ಅವರು ವಿವರಿಸಿದರು. ಪ್ರತಿ ಸಲ ಮೇಲಕ್ಕೆತ್ತಿ ಕೆಳಗಿಳಿಸುವಾಗ ಮರಕ್ಕೆ ಮರ ಉಜ್ಜಿ, ಕಣ್ಣಿಗೆ ಕಾಣದ ಹುಡಿ ಹೊಸ್ತಿಲಿನ ಮೇಲೆ ಬೀಳುತ್ತದೆ. ಪುಟ್ಟ ಮಕ್ಕಳು ಕೈಯೂರುವುದೂ ಅಲ್ಲೇ, ಆ ಕೈಯನ್ನು ಬಾಯಿಗಿಡುವುದೂ ಆಗಲೇ.

ಈ ವಿಷ ಗೊತ್ತಿರದೆ ಬಳಿದದ್ದಲ್ಲ. ಒಳಗೋಡೆಗಳಿಗೆ ಬಿಳಿಸೀಸದ ಬಣ್ಣ ಹಚ್ಚಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದವನ್ನು ಕಾರ್ಮಿಕ ಸಂಸ್ಥೆಯ ಜಿನೀವಾ ಸಮ್ಮೇಳನ 1921ರಲ್ಲೇ ಅಂಗೀಕರಿಸಿತ್ತು. ಅದು ಮುಖ್ಯವಾಗಿ ಬಣ್ಣ ಬಳಿಯುವ ಕೆಲಸಗಾರರನ್ನು ಉಳಿಸಲು ಬಂದ ಒಪ್ಪಂದ. ಅಮೆರಿಕ ಅದನ್ನು ಅನುಮೋದಿಸಲಿಲ್ಲ. ಅದೇ ದಶಕದಲ್ಲಿ ಇಲ್ಲಿನ ಸೀಸದ ಉದ್ಯಮ, ಡಚ್ ಬಾಯ್ ಎಂಬ ಗುರುತಿನ ಮುದ್ದು ಹುಡುಗನ ಚಿತ್ರವಿಟ್ಟು, ಮಕ್ಕಳಿಗೇ ಬಣ್ಣ ತುಂಬುವ ಪುಸ್ತಕಗಳನ್ನು ಹಂಚುತ್ತಿತ್ತು. ಒಪ್ಪಂದಕ್ಕೂ ನಿಷೇಧಕ್ಕೂ ನಡುವೆ 57 ವರ್ಷ. ನಮ್ಮ ಕಿಟಕಿಗಳಿಗೆ ಮೊದಲ ಲೇಪ ಬಿದ್ದದ್ದು ಆ ಅವಧಿಯ ಐದನೆಯ ವರ್ಷದಲ್ಲಿ. ಇದು ಇಲ್ಲಿಯ ಕಥೆ ಮಾತ್ರ ಎಂದುಕೊಳ್ಳಬೇಡಿ. ಭಾರತದಲ್ಲಿ ಮನೆಬಣ್ಣದಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಊರಿನಲ್ಲಿ ಹಳೆಯ ಮನೆಯಿರುವವರು, ಎಣ್ಣೆಬಣ್ಣದ ಬಾಗಿಲನ್ನು ಉಪ್ಪುಕಾಗದದಿಂದ ಉಜ್ಜುವ ಮೊದಲು ಈ ವರ್ಷಗಳನ್ನು ನೆನಪಿಟ್ಟುಕೊಳ್ಳಿ. ಒಣಗಿದ್ದಾಗ ಎಂದೂ ಉಜ್ಜಬಾರದು.

ಸೀಸವನ್ನು ಏನು ಮಾಡುವುದು ಎಂಬುದರ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಪೂರ್ತಿ ಕೆರೆದು ತೆಗೆಯುವುದೇ ಸರಿ ಎಂದು ನನ್ನ ಸಂಗಾತಿಯ ವಾದ. ಆದರೆ ಅನುಭವಿಗಳು ಹೇಳುವುದು ಬೇರೆ. ಗಟ್ಟಿಯಾಗಿ ಕೂತಿರುವ ಹಳೆಯ ಪದರವನ್ನು ಕೆದಕಿದರೆ ಮನೆತುಂಬ ಹುಡಿ ಹರಡುತ್ತದೆ. ಅಂಥದ್ದನ್ನು ಭದ್ರವಾದ ಲೇಪದಿಂದ ಮುಚ್ಚಿ, ಎಲ್ಲಿ ಮುಚ್ಚಿದ್ದೇವೆಂದು ಬರೆದಿಟ್ಟು, ವರ್ಷಕ್ಕೊಮ್ಮೆ ನೋಡುತ್ತಿರಬೇಕು. ಸಿಪ್ಪೆಯೇಳುತ್ತಿರುವುದನ್ನು, ಉಜ್ಜಾಟವಿರುವುದನ್ನು ಮಾತ್ರ ತೆಗೆಯಬೇಕು. ಮುಚ್ಚುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ಕನ್ನಡದಲ್ಲಿ ಈ ವ್ಯತ್ಯಾಸವನ್ನು ಸಲೀಸಾಗಿ ಹೇಳಬಹುದು. ನಾವು ಬಾಗಿಲ ಚೌಕಟ್ಟುಗಳನ್ನು ಮುಚ್ಚಿದೆವು. ಕಿಟಕಿಗಳ ಕೆಲಸವನ್ನು, ಅದಕ್ಕೆಂದೇ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದವರಿಗೆ ಒಪ್ಪಿಸಿದೆವು. ಅದು ನಡೆದ ದಿನಗಳಲ್ಲಿ ಮಕ್ಕಳನ್ನೂ ಅಮ್ಮನನ್ನೂ ಸ್ನೇಹಿತರ ಮನೆಗೆ ಕಳಿಸಿದ್ದೆವು. ಗೋಡೆಗಳು ಮಾತ್ರ ನಮ್ಮ ಐವರ ಪಾಲಿನವು.

ಇನ್ನು ಅಮ್ಮನ ವಿಷಯ. ಆಕೆಗೆ ಇಲ್ಲಿನ ಬಣ್ಣದ ಡಬ್ಬಿಗಳ ಮೇಲೆ ಗೌರವವೇ ಹುಟ್ಟಲಿಲ್ಲ. ಹಚ್ಚಿದ ಕ್ಷಣವೇ ಬೆಳ್ಳಗೆ ಕಾಣುವ ಬಣ್ಣ ಬಣ್ಣವೇ ಅಲ್ಲ ಎಂಬುದು ಆಕೆಯ ನಿಲುವು. ಸುಣ್ಣ ಹಾಗಲ್ಲ. ಬಳಿಯುವಾಗ ನೀರು ಚಿಮುಕಿಸಿದಂತೆ ಮಸುಕಾಗಿರುತ್ತದೆ, ಒಣಗುತ್ತ ಒಣಗುತ್ತ ಗಾಳಿಯನ್ನು ಕುಡಿದು ಮಾರನೆಯ ಬೆಳಗ್ಗೆ ಬಿಳಿಯ ಮುಖ ತೋರಿಸುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ಮತ್ತೆ ಕಲ್ಲಾಗುತ್ತದೆ ಎಂದು ಮೊಮ್ಮಗ ಶಾಲೆಯ ಪಾಠದ ನೆನಪಿನಿಂದ ವಿವರಿಸಿದಾಗ ಅಮ್ಮ, ‘ಅದೇ ನಾನು ಹೇಳಿದ್ದು’ ಎಂದಳು. ಸುಟ್ಟ ಸುಣ್ಣದ ಕಲ್ಲನ್ನು ಹಂಡೆಗೆ ಹಾಕಿ ನೀರು ಹೊಯ್ದರೆ ಒಲೆಯಿಲ್ಲದೆ ಕೊತಕೊತ ಕುದಿಯುವುದನ್ನು, ರಾತ್ರಿಯೆಲ್ಲ ತಣಿಯಲು ಬಿಟ್ಟು ಬಟ್ಟೆಯಲ್ಲಿ ಸೋಸುವುದನ್ನು, ಚಿಟಿಕೆ ನೀಲಿ ಬೆರೆಸುವುದನ್ನು, ಪುಂಡಿನಾರಿನ ಕುಂಚ ಕಟ್ಟುವುದನ್ನು, ಯುಗಾದಿಗೆ ಮುಂಚೆ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದನ್ನು ಆಕೆ ಏಣಿಯ ಬುಡದಲ್ಲಿ ಕೂತು ಹೇಳುತ್ತಿದ್ದಳು. ಸುಣ್ಣಕ್ಕೆ ಬೆರಳ ತುದಿ ತೂತು ಬಿದ್ದು ವಾರಗಟ್ಟಲೆ ಖಾರದ ಕೈಯಿಂದ ಕಲಸಲಾಗದ ನೋವನ್ನೂ ಹೇಳಿದಳು.

ಮಗಳು ಕೇಳಿದಳು: ಅಷ್ಟು ದೊಡ್ಡ ಮನೆಯನ್ನು ನೀನೊಬ್ಬಳೇ ಬಳಿಯುತ್ತಿದ್ದೆಯಾ?

ಅಮ್ಮ ಹೇಳಿದಳು: ‘ಒಳಗೆ ನಾವು ಹೆಂಗಸರು. ಹೊರಗಿನ ಗೋಡೆ, ಕೊಟ್ಟಿಗೆ ಗೋಡೆ ಬಳಿಯೋಕೆ ಕೇರಿಯಿಂದ ಒಬ್ಬಳು ಬರೋಳು. ಒಳಗೆ ಬರೋ ಹಾಗಿರಲಿಲ್ಲ.’

ನಮ್ಮದು ಜಮೀನಿದ್ದ ಮೇಲ್ಜಾತಿಯ ಮನೆ. ಈ ಸಾಲನ್ನು ನಾನು ಲೇಖನಗಳಲ್ಲಿ ಬರೆಯುವ ಬಗೆ ಬೇರೆ. ಅಲ್ಲಿ ‘ಅಸ್ಪೃಶ್ಯತೆ’, ‘ಶ್ರಮದ ವಿಭಜನೆ’ ಮುಂತಾದ ಪದಗಳಿರುತ್ತವೆ. ಅಮ್ಮನ ಬಾಯಲ್ಲಿ ಅದು ಒಂದು ಗೋಡೆಯ ಎರಡು ಮೈಗಳಾಗಿ ಬಂತು. ಒಂದೇ ಗೋಡೆ, ಅದೇ ಹಂಡೆಯ ಸುಣ್ಣ, ಒಳಮೈಗೆ ಒಬ್ಬರ ಕೈ, ಹೊರಮೈಗೆ ಇನ್ನೊಬ್ಬರ ಕೈ. ಮಕ್ಕಳು ಸುಮ್ಮನಿರಲಿಲ್ಲ. ಅವಳಿಗೆ ಏನು ಕೊಡುತ್ತಿದ್ದಿರಿ? ಎರಡು ಸೇರು ರಾಗಿ, ಹಬ್ಬದ ದಿನ ಹಳೆಯ ಸೀರೆ. ಊಟ? ಕೊಟ್ಟಿಗೆಯ ಹತ್ತಿರ, ಎಲೆಯ ಮೇಲೆ. ಅವಳ ಹೆಸರು? ಹೆಸರನ್ನು ಅಮ್ಮ ತಟ್ಟನೆ ಹೇಳಿದಳು. ಅವಳ ಮನೆ ಹೇಗಿತ್ತು ಎಂದು ಮಗ ಕೇಳಿದ್ದಕ್ಕೆ ಮಾತ್ರ ಉತ್ತರ ಬರಲಿಲ್ಲ. ಆ ಮನೆಯ ಗೋಡೆಗೆ ಸುಣ್ಣವಿತ್ತೋ ಇಲ್ಲವೋ, ಇಪ್ಪತ್ತು ವರ್ಷ ಅವಳಿಂದ ಗೋಡೆ ಬಳಿಸಿಕೊಂಡವರಲ್ಲಿ ಯಾರಿಗೂ ತಿಳಿದಿಲ್ಲ. ಆ ಸುಣ್ಣವನ್ನು ಸುಟ್ಟು ಕತ್ತೆಗಳ ಮೇಲೆ ಹೇರಿಕೊಂಡು ತರುತ್ತಿದ್ದ ಉಪ್ಪಾರರ ಮನೆಯನ್ನೂ ಆಕೆ ನೋಡಿರಲಿಲ್ಲ.

ಅಮ್ಮ ಈ ಮಾತನ್ನು ಈ ಮೊದಲು ನನಗೆ ಏಕೆ ಹೇಳಿರಲಿಲ್ಲ ಎಂದು ಯೋಚಿಸಿದ್ದೇನೆ. ಊಟದ ಮೇಜಿನಲ್ಲಿ ಎದುರುಬದುರು ಕೂತು ಕೇಳಿದ್ದರೆ ಅದು ವಿಚಾರಣೆಯಾಗುತ್ತಿತ್ತು. ಗೋಡೆಗೆ ಮುಖ ಮಾಡಿ ಪಕ್ಕಪಕ್ಕದಲ್ಲಿ ನಿಂತಾಗ ಯಾರೂ ಯಾರ ಕಣ್ಣನ್ನೂ ನೋಡಬೇಕಿಲ್ಲ. ಕೈಗೆ ಕೆಲಸವಿರುತ್ತದೆ, ಮಾತಿನ ನಡುವಿನ ಮೌನವನ್ನು ಕುಂಚದ ಸದ್ದು ತುಂಬುತ್ತದೆ. ಹದಿಹರೆಯದ ಮಕ್ಕಳಿರುವವರಿಗೆ ಇದು ಗೊತ್ತಿರಬಹುದು. ನನ್ನ ಮಗಳು ತನ್ನ ಶಾಲೆಯಲ್ಲಿ ನಡೆದ ಕಹಿ ಪ್ರಸಂಗವೊಂದನ್ನು ಎಂಟು ತಿಂಗಳ ನಂತರ ನನಗೆ ಹೇಳಿದ್ದು ಸೀಲಿಂಗಿನ ಅಂಚಿಗೆ ಟೇಪು ಅಂಟಿಸುತ್ತಿದ್ದಾಗ. ಅವಳು ಏಣಿಯ ಮೇಲಿದ್ದಳು, ನಾನು ಏಣಿ ಹಿಡಿದಿದ್ದೆ. ಅದರ ವಿವರ ಅವಳದು, ಇಲ್ಲಿ ಹೇಳುವುದಿಲ್ಲ. ‘ಗುಣಮಟ್ಟದ ಸಮಯ’ ಎಂದು ಹೆಸರಿಟ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಇಲ್ಲಿನ ಪದ್ಧತಿಯನ್ನು ನಾನೂ ಪಾಲಿಸಿದ್ದೇನೆ. ಅಂಥ ಸಂಜೆಗಳಲ್ಲಿ ನಾವು ಒಬ್ಬರನ್ನೊಬ್ಬರು ಸಂದರ್ಶನ ಮಾಡುತ್ತಿದ್ದೆವು ಎಂದು ಈಗ ಅನ್ನಿಸುತ್ತದೆ.

ಕನ್ನಡದ ಮಾತನ್ನೂ ಹೇಳಿಬಿಡುತ್ತೇನೆ. ಭಾನುವಾರದ ಕನ್ನಡ ತರಗತಿಗಳ ಬಗ್ಗೆ ನನಗೆ ಗೌರವವಿದೆ, ನಾನೇ ಅಲ್ಲಿ ಕಲಿಸುತ್ತೇನೆ. ಆದರೆ ಅಲ್ಲಿ ಮಕ್ಕಳು ನಾಮಪದಗಳನ್ನು ಕಲಿಯುತ್ತಾರೆ. ಕೆಲಸ ಕ್ರಿಯಾಪದಗಳನ್ನು ಕೇಳುತ್ತದೆ. ಗೋಡೆಗೆ ಬಳಿ, ಬಾಗಿಲಿಗೆ ಹಚ್ಚು, ನೆಲ ಸಾರಿಸು, ಧೂಳು ಕೊಡವು, ಚೆಲ್ಲಿದ್ದನ್ನು ಒರೆಸು, ಸಂದಿಗೆ ಮೆತ್ತು, ಗಾರೆ ಕಲಸು, ಕುಂಚ ಹಿಂಡು. ಇವುಗಳಲ್ಲಿ ಅರ್ಧಕ್ಕೆ ಇಂಗ್ಲಿಷಿನಲ್ಲಿ ಒಂದೆರಡೇ ಪದಗಳಿವೆ. ಅಜ್ಜಿಗೆ ಇಂಗ್ಲಿಷ್ ಬಾರದು, ಏಣಿಯ ಮೇಲಿದ್ದವಳಿಗೆ ‘ಹಿಂಡು’ ಎಂದರೇನೆಂದು ಆ ಕ್ಷಣಕ್ಕೇ ತಿಳಿಯಬೇಕು, ಇಲ್ಲವಾದರೆ ಕೆಳಗಿರುವವರ ತಲೆಯ ಮೇಲೆ ಬಣ್ಣ ತೊಟ್ಟಿಕ್ಕುತ್ತದೆ. ಮಗ ಈಗ ಬ್ರೆಡ್ಡಿಗೆ ಜಾಮು ‘ಮೆತ್ತುತ್ತಾನೆ’. ವ್ಯಾಕರಣಕ್ಕೆ ಅಡ್ಡಿಯಿಲ್ಲ.

ಇನ್ನೊಂದು ಸಂಗತಿ, ಇಲ್ಲಿರುವ ಗಂಡಸರು ಕೊಂಚ ಸಹಿಸಿಕೊಳ್ಳಬೇಕು. ಆರ್ಲಿ ಹಾಕ್‌ಶೀಲ್ಡ್ ಅವರು 1989ರಲ್ಲಿ ಪ್ರಕಟಿಸಿದ ‘ದಿ ಸೆಕೆಂಡ್ ಶಿಫ್ಟ್’ ಪುಸ್ತಕದಲ್ಲಿ, ದುಡಿಯುವ ದಂಪತಿಗಳ ಮನೆಗಳನ್ನು ಹತ್ತಿರದಿಂದ ಗಮನಿಸಿ ಒಂದು ಅಂಶವನ್ನು ಎತ್ತಿ ತೋರಿಸಿದ್ದಾರೆ. ಗಂಡಸರು ವಹಿಸಿಕೊಳ್ಳುವ ಮನೆಗೆಲಸ ಸಾಮಾನ್ಯವಾಗಿ ತಮ್ಮ ಬಿಡುವಿಗೆ ತಕ್ಕಂತೆ ಮುಂದೂಡಬಹುದಾದದ್ದು. ಕಾರಿನ ಎಣ್ಣೆ ಬದಲಿಸುವುದು, ರಿಪೇರಿ ಇತ್ಯಾದಿ. ಹೆಂಗಸರ ಪಾಲಿಗೆ ಬರುವುದು ಗಡಿಯಾರಕ್ಕೆ ಕಟ್ಟಿದ ಕೆಲಸ, ದಿನದ ಅಡುಗೆಯಂಥದ್ದು. ಬಣ್ಣ ಬಳಿಯುವುದು ಮೊದಲ ಗುಂಪಿಗೆ ಸೇರಿದ್ದು. ಅದು ಕಾಣುತ್ತದೆ, ಫೋಟೋಗೆ ಒದಗುತ್ತದೆ, ಹತ್ತು ವರ್ಷ ಉಳಿಯುತ್ತದೆ. ಬಡಿಸಿದ್ದು ರಾತ್ರಿಯೊಳಗೆ ಕರಗುತ್ತದೆ. ಮೊದಲ ಬೇಸಿಗೆಯ ಎರಡನೆಯ ವಾರದಲ್ಲಿ ಮಗಳು ಒಂದು ಪ್ರಶ್ನೆ ಎತ್ತಿದಳು. ಅಪ್ಪ ಬಳಿಯುವಾಗ ಅಮ್ಮ ಅಡುಗೆ ಮಾಡುತ್ತಾಳೆ, ಸರಿ. ಅಮ್ಮ ಬಳಿಯುವಾಗ ಅಜ್ಜಿ ಅಡುಗೆ ಮಾಡುತ್ತಾಳೆ, ಏಕೆ? ಇದಕ್ಕೆ ಸಿದ್ಧಾಂತದ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಆ ಸಂಜೆಯೇ ಫ್ರಿಜ್ಜಿನ ಮೇಲೆ ಒಂದು ಪಟ್ಟಿ ಬಂತು. ಬಳಿಯುವುದು, ಬೇಯಿಸುವುದು, ಕುಂಚ ತೊಳೆಯುವುದು, ಪಾತ್ರೆ ತೊಳೆಯುವುದು ನಾಲ್ಕಕ್ಕೂ ಸರದಿ. ಅಳಿಯ ಪಾತ್ರೆ ತೊಳೆಯುವುದನ್ನು ನೋಡಲಾರದೆ ಅಮ್ಮ ಎರಡು ದಿನ ಅಡುಗೆಮನೆಗೆ ಬೆನ್ನು ತಿರುಗಿಸಿ ಕೂತಳು. ಮೂರನೆಯ ದಿನ, ತಳ ಸರಿಯಾಗಿ ತಿಕ್ಕಿಲ್ಲ ಎಂದು ಅವನಿಗೆ ಪಾತ್ರೆ ವಾಪಸು ಕೊಟ್ಟಳು.

ಈಗ ಮನೆಯ ಕಾಗದಪತ್ರಗಳ ವಿಷಯ. ಈ ಗೋಡೆಗೆ ಮೊದಲು ಬಣ್ಣ ಹಚ್ಚಿದವರು ಯಾರು ಎಂದು ಮಗ ಕೇಳಿದ್ದರಿಂದ ಹುಡುಕಾಟ ಶುರುವಾಯಿತು. ಬಣ್ಣ ಬಳಿದವರ ಹೆಸರನ್ನು ಯಾವ ದಾಖಲೆಯೂ ಇಟ್ಟುಕೊಳ್ಳುವುದಿಲ್ಲ. ಸಿಕ್ಕಿದ್ದು ಬೇರೆ. ಮಿನಿಸೋಟ ವಿಶ್ವವಿದ್ಯಾಲಯದಲ್ಲಿ ‘ಮ್ಯಾಪಿಂಗ್ ಪ್ರೆಜುಡಿಸ್’ ಎಂಬ ಯೋಜನೆ 2016ರಿಂದ ಹಳೆಯ ಆಸ್ತಿಪತ್ರಗಳನ್ನು ಸ್ವಯಂಸೇವಕರ ನೆರವಿನಿಂದ ಓದಿ, ಯಾವ ಯಾವ ನಿವೇಶನಗಳನ್ನು ಬಿಳಿಯರಲ್ಲದವರಿಗೆ ಮಾರಬಾರದೆಂದು ಷರತ್ತು ಹಾಕಲಾಗಿತ್ತು ಎಂಬುದರ ನಕ್ಷೆ ಮಾಡಿದೆ. ಮಿನಿಯಾಪೊಲಿಸ್ ನಗರದಲ್ಲೇ ಅಂಥ ಸುಮಾರು 8,000 ಪತ್ರಗಳು ಸಿಕ್ಕಿವೆ. ಮೊದಲನೆಯದು 1910ರದು. ನಮ್ಮ ಮನೆಯ ಚೌಕವೂ ಆ ನಕ್ಷೆಯಲ್ಲಿ ಬಣ್ಣ ತುಂಬಿಕೊಂಡು ನಿಂತಿತ್ತು.

1926ರಲ್ಲಿ ನಮ್ಮಂಥವರ ಸ್ಥಿತಿ ಏನಿತ್ತೆಂದು ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಭಗತ್ ಸಿಂಗ್ ತಿಂದ್ ಪ್ರಕರಣದಲ್ಲಿ 1923ರಲ್ಲಿ ತೀರ್ಪು ಕೊಟ್ಟಿತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದಾದದ್ದು 1948ರಲ್ಲಿ, ಮನೆ ಮಾರಾಟದಲ್ಲಿ ತಾರತಮ್ಯವನ್ನು ಇಡೀ ದೇಶದಲ್ಲಿ ನಿಷೇಧಿಸಿದ ಕಾಯಿದೆ ಬಂದದ್ದು 1968ರಲ್ಲಿ. ಕಪ್ಪು ಜನರು ಬೀದಿಗಿಳಿದು ಗಳಿಸಿದ ಈ ಕಾನೂನುಗಳ ನೆರಳಿನಲ್ಲಿ ನಾವು ಮನೆ ಕೊಂಡಿದ್ದೇವೆ. ಬಡಾವಣೆಯ ಶಾಲೆ ಚೆನ್ನಾಗಿದೆ, ನೆರೆಹೊರೆ ‘ಒಳ್ಳೆಯದು’ ಎಂದು ನಾವು ಆಯ್ಕೆ ಮಾಡುವಾಗ ಆ ಒಳ್ಳೆಯತನ ಹೇಗೆ ಕೂಡಿಬಂತೆಂದು ಕೇಳುವವರು ಕಡಿಮೆ.

ನಾನು ಆ ಪತ್ರವನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅದರಲ್ಲಿ ಒಂದು ವಿನಾಯಿತಿ ಇತ್ತು, ಆ ಕಾಲದ ಇಂಥ ಅನೇಕ ಪತ್ರಗಳಲ್ಲಿ ಇರುತ್ತಿದ್ದಂಥದ್ದೇ: ಮನೆಗೆಲಸದ ಆಳುಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಅಮ್ಮ ಕೇಳಿದಳು: ‘ಅಂದ್ರೆ ಕೆಲಸಕ್ಕೆ ಬರಬಹುದು, ಮನೆಯವರಾಗಿ ಇರೋ ಹಾಗಿಲ್ಲ. ಅಷ್ಟೇ ತಾನೆ?’

ಅಷ್ಟೇ ಎಂದೆ. ಆಕೆ ಮತ್ತೇನೂ ಹೇಳಲಿಲ್ಲ. ತುಂಬ ಹೊತ್ತಿನ ಮೇಲೆ, ಊರಿಗೆ ಹೋದಾಗ ಕೇರಿಗೆ ಹೋಗಿ ಅವಳಿದ್ದಾಳಾ ನೋಡಬೇಕು ಎಂದಳು. ಹೋದಳು. ಆ ಹೆಂಗಸು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಗ ಬೆಂಗಳೂರಿನಲ್ಲಿ ಬ್ಯಾಂಕಿನ ನೌಕರ. ಊರಿನ ಮನೆಯಲ್ಲಿದ್ದ ಸೊಸೆ ಅಮ್ಮನಿಗೆ ಕುರ್ಚಿ ಹಾಕಿ, ಬಂದ ಕಾರಣ ಕೇಳಿದರಂತೆ. ಅಮ್ಮನಿಗೆ ಕಾರಣ ಹೇಳಲಾಗಲಿಲ್ಲವಂತೆ. ಚಹಾ ಕುಡಿದು ಬಂದೆ ಎಂದು ಫೋನಿನಲ್ಲಿ ಹೇಳಿದಳು. ಇದನ್ನು ಯಾವುದೋ ಲೆಕ್ಕ ಚುಕ್ತಾ ಆದ ಕಥೆಯೆಂದು ದಯವಿಟ್ಟು ಕೇಳಿಸಿಕೊಳ್ಳಬೇಡಿ. ಆ ಸೊಸೆಗೆ ಅದು ಹಳೆಯ ಒಡತಿಯೊಬ್ಬಳ ವಿಚಿತ್ರ ಭೇಟಿ, ಅಷ್ಟೆ.

ಆಸ್ತಿಪತ್ರದ ಆ ಸಾಲನ್ನು ಏನು ಮಾಡಬಹುದು? 2019ರಿಂದ ಮಿನಿಸೋಟದಲ್ಲಿ ಮನೆಯ ಒಡೆಯರು ಒಂದು ನಮೂನೆಯನ್ನು ಕೌಂಟಿಯಲ್ಲಿ ದಾಖಲಿಸಿ ಷರತ್ತನ್ನು ರದ್ದುಗೊಳಿಸಬಹುದು. ಇದಕ್ಕೆ ಉಚಿತ ನೆರವು ನೀಡುವ ‘ಜಸ್ಟ್ ಡೀಡ್ಸ್’ ಎಂಬ ವ್ಯವಸ್ಥೆಯೂ ಇದೆ, ಈ ಸಭೆಯಲ್ಲಿ ಹಳೆಯ ಮನೆಗಳಿರುವವರು ವಿಚಾರಿಸಿ. ಹಳೆಯ ಸಾಲನ್ನು ಅಳಿಸುವುದಿಲ್ಲ. ಅದು ಇದ್ದಲ್ಲಿಯೇ ಇರುತ್ತದೆ. ಅದರ ಮೇಲೆ, ಇದು ಅಸಿಂಧು ಎಂದು ಈಗಿನ ಒಡೆಯರ ಸಹಿಯುಳ್ಳ ಹೊಸ ಪತ್ರ ಸೇರುತ್ತದೆ. ಅಳಿಸಿಬಿಡಬೇಕಿತ್ತು ಎಂದು ನನ್ನ ಮಗನ ಅಭಿಪ್ರಾಯ. ಮಗಳು ಬಾಗಿಲ ಚೌಕಟ್ಟಿನ ಉದಾಹರಣೆ ಕೊಟ್ಟು ವಾದಿಸಿದಳು. ಇಬ್ಬರೂ ಇನ್ನೂ ಒಪ್ಪಿಲ್ಲ.

ಕಿಟಕಿ ಕೆಲಸಕ್ಕೆ ಬಂದವರ ಬಗ್ಗೆ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಮೂವರೂ ಎಕ್ವಡಾರ್ ದೇಶದಿಂದ ಬಂದವರು. ಜುಲೈ ತಿಂಗಳ ಸೆಕೆಯಲ್ಲಿ ಮೈತುಂಬ ಬಿಳಿ ಕವಚ ತೊಟ್ಟು, ಮುಖಕ್ಕೆ ಶೋಧಕವಿರುವ ಮುಖವಾಡ ಹಾಕಿ, ಪ್ಲಾಸ್ಟಿಕ್ಕಿನ ಗೋಡೆ ಕಟ್ಟಿಕೊಂಡು ಅದರೊಳಗೆ ನೀರು ಸಿಂಪಡಿಸಿ ಸಿಂಪಡಿಸಿ ಕೆರೆದರು. ನೂರು ವರ್ಷದ ಹಿಂದೆ ಇನ್ಯಾರದೋ ಲಾಭಕ್ಕೆ ಹಚ್ಚಿದ ವಿಷವನ್ನು ಇವರು ಕೂಲಿಗೆ ತೆಗೆಯುತ್ತಿದ್ದರು. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಹೋಮ್ ಡಿಪೋ ಅಂಗಡಿಯೊಂದರ ಆವರಣದಲ್ಲಿ ದಿನಗೂಲಿಗಾಗಿ ಕಾದು ನಿಂತಿದ್ದವರನ್ನು ವಲಸೆ ಅಧಿಕಾರಿಗಳು ಹಿಡಿದೊಯ್ದ ಸುದ್ದಿಯನ್ನು ನೀವೆಲ್ಲ ಓದಿದ್ದೀರಿ. ಸ್ವಂತ ಕೈಯಿಂದ ಮನೆ ಸಿಂಗರಿಸಿಕೊಳ್ಳುವ ನಮ್ಮಂಥ ಕುಟುಂಬಗಳಿಗೆ ಸಾಮಾನು ಮಾರುವ ಅಂಗಡಿಯ ಹೊರಗೆ, ಅದೇ ಕೆಲಸವನ್ನು ಹೊಟ್ಟೆಪಾಡಿಗೆ ಮಾಡುವವರು ನಿಂತಿರುತ್ತಾರೆ. ನಮಗೆ ಅದು ಕುಟುಂಬ ಕಲೆಯುವ ಬಿಡುವು. ಬೇಸರವಾದರೆ ಏಣಿಯಿಂದ ಇಳಿಯಬಹುದು. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿದ್ದೇವೆ, ಎಷ್ಟು ತಲುಪಿದೆಯೋ ನೋಡಬೇಕು. ಮಗಳು ಕೇಳಿದ ಮೊದಲ ಪ್ರಶ್ನೆ, ಅವರಿಗೆ ಗಂಟೆಗೆ ಎಷ್ಟು ಕೊಡುತ್ತಾರೆ ಎಂಬುದು. ಗುತ್ತಿಗೆದಾರರನ್ನು ಕೇಳಿದೆವು. ಅವರು ನಮಗೆ ಹಾಕಿದ ಬಿಲ್ಲಿಗೂ ಆ ಉತ್ತರಕ್ಕೂ ನಡುವಿನ ಅಂತರವನ್ನು ಅವಳು ಫ್ರಿಜ್ಜಿನ ಮೇಲಿನ ಪಟ್ಟಿಯ ಕೆಳಗೆ ಬರೆದಿಟ್ಟಿದ್ದಾಳೆ.

ಮಲಗುವ ಕೋಣೆಯ ಹಿಂದಿನ ಕಿಟಕಿಯೊಂದು ಇನ್ನೂ ಬಾಕಿಯಿದೆ. ಅದು ತೆರೆಯದಂತೆ ಹಳೆಯ ಬಣ್ಣವೇ ಅಂಟಿಸಿಬಿಟ್ಟಿರುವುದರಿಂದ ಸದ್ಯ ಅಲ್ಲಿ ಹುಡಿ ಬೀಳುತ್ತಿಲ್ಲ. ಅಮ್ಮ ಮುಂದಿನ ಮೇ ತಿಂಗಳಲ್ಲಿ ಬರುತ್ತಾಳೆ. ಮುಚ್ಚಿದ ಚೌಕಟ್ಟುಗಳಿಗೆ ಮಗ ಸಂಖ್ಯೆ ಕೊಟ್ಟು, ಪ್ರತಿಯೊಂದರ ಒಳಂಚಿನಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿದ್ದಾನೆ. ಕನ್ನಡ ಅಂಕಿಗಳಲ್ಲಿ ಬರೆದಿದ್ದಾನೆ, ಮನೆಗೆ ಬರುವ ಮುಂದಿನ ಪರೀಕ್ಷಕರು ಏನು ಮಾಡುತ್ತಾರೋ ಗೊತ್ತಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ಸಂವಿಧಾನದ ಬಗ್ಗೆಯೂ ಕೇಳಬಹುದು.